ಒಂದು ಹನಿಯಲ್ಲಿ ಎಷ್ಟಿದೆ? ಸಲಾಯಿನ್ ಹನಿ ಮತ್ತು ಔಷಧದ ಡೋಸ್ ಲೆಕ್ಕ ಮಾಡುವ ಬಗೆ

ವಿಜಯಪುರದ ಏಪ್ರಿಲ್ ಬಿಸಿಲು. ವಾರ್ಡಿನ ತುಂಬಾ ವಾಂತಿ-ಭೇದಿಯ ಪೇಶಂಟ್‌ಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಹಿರಿಯರೊಬ್ಬರು ಬಂದು ಕೇಳಿದರು, “ಯವ್ವಾ, ನಮ್ಮ ಹುಡುಗಗ ಸಲಾಯಿನ್ ಸ್ವಲ್ಪ ಜೋರ್ ಬಿಡು. ಇಂಡಿಗೆ ಹೋಗಬೇಕು, ಕತ್ತಲಾಗತೈತಿ.”

“ಆಗಂಗಿಲ್ಲ ಕಾಕಾ, ಅದಕ್ಕ ಲೆಕ್ಕ ಐತಿ.”

“ನೀರ ಬಿಡಾಕ ಎಂಥಾ ಲೆಕ್ಕ?” ಅಂತ ನಕ್ಕರು. ನಾನು ಆ ಕಡೆ ತಿರುಗಿದ್ದೇ ತಡ, ನಳಿಕೆಯ ಮೇಲೆ ಹನಿ ಹೆಚ್ಚು ಕಡಿಮೆ ಮಾಡುವ ರೋಲರ್ ಚಕ್ರವನ್ನು ತಾವೇ ಸರಿಸಿಬಿಟ್ಟಿದ್ದರು. ಮತ್ತೆ ಸರಿ ಮಾಡಿ ಕೇಳಿದೆ, “ನಿಮ್ಮ ದ್ರಾಕ್ಷಿ ಪಡದಾಗ ಡ್ರಿಪ್ ಐತೇನು?” ಇದೆ ಅಂದರು. “ಒಂದ ಡ್ರಿಪ್ಪರ್ ತಾಸಿಗೆ ಎಷ್ಟ ಲೀಟರ್ ಬಿಡತೈತಿ?” “ನಾಕು” ಅಂದರು, ಕೇಳಿದ ಕೂಡಲೇ. “ಇದಕ್ಕೂ ಹಂಗ ಕಾಕಾ. ಇದೂ ಒಂದ ಡ್ರಿಪ್.” ಆಮೇಲೆ ಅವರು ಚಕ್ರ ಮುಟ್ಟಲಿಲ್ಲ.

ಪಡ ಮಾಡುವವರಿಗೆ ತಮ್ಮ ಡ್ರಿಪ್ಪರ್‌ನ ಅಳತೆ ಬಾಯಲ್ಲೇ ಇರುತ್ತದೆ. ನರ್ಸಿಂಗ್ ಓದುವ ಮಕ್ಕಳಿಗೆ ಮಾತ್ರ ಕೈಯಲ್ಲಿರುವ ಐವಿ ಸೆಟ್‌ನ, ಅಂದರೆ ಸಲಾಯಿನ್ ಬಿಡುವ ನಳಿಕೆಯ, ಅಳತೆ ಕೇಳಿದರೆ ಮುಖ ನೋಡುತ್ತಾರೆ. ಸೂತ್ರ ಗೊತ್ತಿರುತ್ತದೆ, ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಬೆಡ್ ಪಕ್ಕ ನಿಂತಾಗ ಕೈ ಓಡುವುದಿಲ್ಲ. ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮಕ್ಕಳಿಗೆ, ಹೊಸದಾಗಿ ಡ್ಯೂಟಿಗೆ ಬಂದವರಿಗೆ ನಾನು ವಾರ್ಡಿನಲ್ಲಿ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ಇಲ್ಲಿನ ಡೋಸ್‌ಗಳು ಲೆಕ್ಕ ಕಲಿಯುವುದಕ್ಕೆ. ಪೇಶಂಟ್‌ಗೆ ಎಷ್ಟು ಕೊಡಬೇಕು ಅನ್ನುವುದು ಡಾಕ್ಟರ್ ಆರ್ಡರ್ ಮತ್ತು ನಿಮ್ಮ ಆಸ್ಪತ್ರೆಯ ಪದ್ಧತಿ. ಜೊತೆಗೆ ಬಂದ ಮನೆಯವರು ಓದಿದರೆ ಒಳ್ಳೆಯದೇ, ಚಕ್ರಕ್ಕೆ ಮಾತ್ರ ಕೈ ಹಾಕಬೇಡಿ.

ಹೊತ್ತಿನ ಲೆಕ್ಕಕ್ಕೆ ನಮ್ಮ ಕಡೆಯ ಮಾತನ್ನೇ ಬಳಸಿದ್ದೇನೆ. ಎಷ್ಟು ಹೊತ್ತು ಅನ್ನುವುದಕ್ಕೆ ತಾಸು, ಗಡಿಯಾರದ ಹೊತ್ತಿಗೆ ಗಂಟೆ.

ಮೊದಲು ಸೆಟ್‌ನ ಪ್ಯಾಕೆಟ್ ಓದಿ

ಐವಿ ಸೆಟ್‌ನ ಕವರ್ ಮೇಲೆ ಒಂದು ಸಣ್ಣ ಸಾಲು ಇರುತ್ತದೆ. 1 ಮಿ.ಲೀ.ಗೆ ಎಷ್ಟು ಹನಿ ಅಂತ. ಇದೇ ಡ್ರಾಪ್ ಫ್ಯಾಕ್ಟರ್. ನಮ್ಮಲ್ಲಿ ದೊಡ್ಡವರಿಗೆ ಹಚ್ಚುವ ಮಾಮೂಲಿ ಸೆಟ್, ಅಂದರೆ ಮ್ಯಾಕ್ರೋ ಸೆಟ್, ಹೆಚ್ಚಾಗಿ 20 ಹನಿಯದು. 15 ಹನಿಯದೂ ಇದೆ, 10ರದೂ ಇದೆ. ಮಕ್ಕಳ ಮೈಕ್ರೋ ಸೆಟ್ 60 ಹನಿಯದು. ಅದರ ಚೇಂಬರ್ (ಹನಿ ಬೀಳುವ ಸಣ್ಣ ಕೋಶ) ಒಳಗೆ ತೆಳ್ಳನೆಯ ಸೂಜಿಯಂಥ ಕೊಳವೆ ಕಾಣುತ್ತದೆ, ಹನಿ ಸಣ್ಣಗೆ ಬೀಳುತ್ತದೆ. ರಕ್ತ ಕೊಡುವ ಸೆಟ್‌ನಲ್ಲಿ ಜಾಲರಿ ಇರುತ್ತದೆ. ಅದರ ಫ್ಯಾಕ್ಟರ್ ಅನ್ನೂ ಪ್ಯಾಕೆಟ್ ನೋಡಿಯೇ ತಿಳಿಯಬೇಕು. “ನಮ್ಮ ವಾರ್ಡಿನಲ್ಲಿ ಎಲ್ಲಾ 20ರದೇ” ಅನ್ನುವ ಮಾತು ನಂಬಬೇಡಿ. ಹೊಸ ಲಾಟ್ ಬಂದ ದಿನ ಆ ಮಾತು ಸುಳ್ಳಾಗುತ್ತದೆ.

ಇದನ್ನು ನಾನು ಕಲಿತದ್ದು ಸರಿಯಾದ ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ಒಬ್ಬರಿಗೆ 500 ಮಿ.ಲೀ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಸಲಾಯಿನ್) 4 ತಾಸಿನಲ್ಲಿ ಹೋಗಬೇಕಿತ್ತು. 20ರ ಸೆಟ್, ನಿಮಿಷಕ್ಕೆ 42 ಹನಿ. ಹಚ್ಚುವಾಗಲೇ ಸೆಟ್ ಸೋರುತ್ತಿತ್ತು. ಬದಲಿಸಿದೆ. ಕೈಗೆ ಸಿಕ್ಕಿದ್ದು ಮೈಕ್ರೋ ಸೆಟ್. ತಲೆಯಲ್ಲಿ 42 ಕೂತಿತ್ತು, ಅಷ್ಟೇ ಎಣಿಸಿ ಬಿಟ್ಟು ಹೋದೆ. ಎರಡು ಗಂಟೆಗೆ ಖಾಲಿಯಾಗಬೇಕಾದ ಬಾಟಲಿಯಲ್ಲಿ ಇನ್ನೂ 330 ಮಿ.ಲೀ. ಉಳಿದಿತ್ತು! ಮೈಕ್ರೋ ಸೆಟ್‌ನಲ್ಲಿ 42 ಹನಿ ಅಂದರೆ ತಾಸಿಗೆ ಬರೀ 42 ಮಿ.ಲೀ. ಡಾಕ್ಟರಿಗೆ ಹೇಳಿದೆ, ಬೈಸಿಕೊಂಡೆ, ಪೇಶಂಟ್‌ಗೆ ಏನೂ ಆಗಲಿಲ್ಲ. ಇದು ಉಲ್ಟಾ ಆಗಿದ್ದರೆ? ಮಗುವಿಗೆ ಮೈಕ್ರೋ ಸೆಟ್‌ಗೆಂದು ಬರೆದ 42 ಹನಿಯನ್ನು 20ರ ಸೆಟ್‌ನಲ್ಲಿ ಬಿಟ್ಟಿದ್ದರೆ ತಾಸಿಗೆ 126 ಮಿ.ಲೀ. ಹೋಗುತ್ತಿತ್ತು. ಮೂರು ಪಟ್ಟು. ಸಣ್ಣ ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬಲು ಅಷ್ಟು ಸಾಕು.

ಅಂದಿನಿಂದ ಸೂತ್ರಕ್ಕಿಂತ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಸೆಟ್‌ನ ಒಂದು ಹನಿಯಲ್ಲಿ ಎಷ್ಟಿದೆ?

ಹನಿಯ ಲೆಕ್ಕ

ಸೂತ್ರ ಹೀಗಿದೆ:

ನಿಮಿಷಕ್ಕೆ ಹನಿ = ಒಟ್ಟು ಮಿ.ಲೀ. × ಡ್ರಾಪ್ ಫ್ಯಾಕ್ಟರ್ ÷ ಒಟ್ಟು ನಿಮಿಷ

ಬಾಯಿಪಾಠ ಮಾಡಿದರೆ ರಾತ್ರಿ ಮೂರು ಗಂಟೆಗೆ ಮರೆಯುತ್ತದೆ. ಅರ್ಥ ಮಾಡಿಕೊಂಡರೆ ಮರೆಯುವುದಿಲ್ಲ. 500 ಮಿ.ಲೀ., 20ರ ಸೆಟ್. ಬಾಟಲಿಯಲ್ಲಿ ಒಟ್ಟು ಎಷ್ಟು ಹನಿ? 500 × 20 = 10,000. ಎಷ್ಟು ನಿಮಿಷದಲ್ಲಿ ಬೀಳಬೇಕು? 4 ತಾಸು ಅಂದರೆ 240 ನಿಮಿಷ. 10,000 ÷ 240 = 41.67. ಅರ್ಧ ಹನಿ, ಮುಕ್ಕಾಲು ಹನಿ ಅಂತ ಬೀಳುವುದಿಲ್ಲವಲ್ಲ, ಅದಕ್ಕೆ 42.

ನರ್ಸಿಂಗ್ ಮಕ್ಕಳು ಇಲ್ಲಿ ಮಾಡುವ ತಪ್ಪು ಒಂದೇ. ತಾಸನ್ನು ನಿಮಿಷ ಮಾಡುವುದು ಮರೆತು 4ರಿಂದ ಭಾಗಿಸುತ್ತಾರೆ. 2,500 ಹನಿ ಅಂತ ಉತ್ತರ ಬರುತ್ತದೆ. ಅದನ್ನೂ ಸುಮ್ನೆ ಬರೆದುಕೊಂಡು ಬರುತ್ತಾರೆ! ನಿಮಿಷಕ್ಕೆ 2,500 ಹನಿ ಯಾರಾದರೂ ಎಣಿಸಲು ಆಗುತ್ತಾ?

ವಾರ್ಡಿನಲ್ಲಿ ಇಷ್ಟೂ ಬೇಕಿಲ್ಲ. ಮೊದಲು ತಾಸಿಗೆ ಎಷ್ಟು ಮಿ.ಲೀ. ಅಂತ ನೋಡಿ. 500 ಅನ್ನು 4ರಿಂದ ಭಾಗಿಸಿದರೆ 125. 20ರ ಸೆಟ್ ಆದರೆ ಅದನ್ನು 3ರಿಂದ ಭಾಗಿಸಿ, 42 ಬರುತ್ತದೆ. 15ರ ಸೆಟ್ ಆದರೆ 4ರಿಂದ, 31. 10ರ ಸೆಟ್ ಆದರೆ 6ರಿಂದ, 21. ಮೈಕ್ರೋ ಸೆಟ್ ಆದರೆ ಭಾಗಿಸುವುದೇ ಬೇಡ, ತಾಸಿಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಈ 3, 4, 6 ಎಲ್ಲಿಂದ ಬಂದವು? 60 ನಿಮಿಷವನ್ನು ಡ್ರಾಪ್ ಫ್ಯಾಕ್ಟರ್‌ನಿಂದ ಭಾಗಿಸಿ ನೋಡಿ, ಅಷ್ಟೇ.

ಇದನ್ನೇ ತಿರುಗಿಸಿದರೆ “ಯಾವಾಗ ಮುಗೀತೈತ್ರಿ ಅಕ್ಕಾರ?” ಅನ್ನುವ ಪ್ರಶ್ನೆಗೆ ಉತ್ತರ ಸಿಗುತ್ತದೆ. 20ರ ಸೆಟ್‌ನಲ್ಲಿ ನಿಮಿಷಕ್ಕೆ 30 ಹನಿ ಹೋಗುತ್ತಿದೆ, 300 ಮಿ.ಲೀ. ಉಳಿದಿದೆ ಅಂದುಕೊಳ್ಳಿ. 30 × 3 = 90, ಅಂದರೆ ತಾಸಿಗೆ 90 ಮಿ.ಲೀ. 300 ÷ 90 ಅಂದರೆ ಮೂರು ತಾಸು ಇಪ್ಪತ್ತು ನಿಮಿಷ. ಈಗ 2 ಗಂಟೆ 10 ನಿಮಿಷ ಆಗಿದ್ದರೆ ಐದೂವರೆಗೆ ಮುಗಿಯುತ್ತದೆ. ಹೀಗೆ ಹೊತ್ತು ಹೇಳಿಬಿಟ್ಟರೆ ಮನೆಯವರೂ ನಿರಾಳ, ನಿಮಗೂ ಹತ್ತು ಸಲ ಕರೆಯುವ ಕಾಟ ಇಲ್ಲ.

ಎಣಿಸುವುದು, ಕಾಯುವುದು

ಲೆಕ್ಕ ಸರಿ ಬಂದರೂ ಬಾಟಲಿ ನಿಮ್ಮ ಮಾತು ಕೇಳಬೇಕಲ್ಲ. ಚೇಂಬರ್ ಅನ್ನು ಅರ್ಧ ಮಾತ್ರ ತುಂಬಿಸಿ. ಪೂರ್ತಿ ತುಂಬಿದರೆ ಹನಿ ಕಾಣುವುದಿಲ್ಲ, ಖಾಲಿ ಇದ್ದರೆ ಗಾಳಿ ನಳಿಕೆಗೆ ಇಳಿಯುತ್ತದೆ. ಚೇಂಬರ್ ನಿಮ್ಮ ಕಣ್ಣಿನ ಮಟ್ಟಕ್ಕಿರಲಿ. ವಾಚನ್ನು ಅದರ ಪಕ್ಕದಲ್ಲೇ ಹಿಡಿಯಿರಿ. ಕಣ್ಣು ಅತ್ತ ಇತ್ತ ಓಡಿದರೆ ನಾಲ್ಕು ಹನಿ ತಪ್ಪಿ ಹೋಗುತ್ತವೆ. ಎಲ್ಲರೂ 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುತ್ತಾರೆ. 42 ಹನಿಗೆ 15 ಸೆಕೆಂಡಿನಲ್ಲಿ ಹತ್ತೂವರೆ ಹನಿ ಆಗುತ್ತದೆ. ಅರ್ಧ ನಿಮಿಷ ಎಣಿಸಿದರೆ ಸರಿಯಾಗಿ 21. ಮಕ್ಕಳಿಗೆ, ಹೃದಯದ ಔಷಧ ಹಾಕಿದ ಬಾಟಲಿಗೆ ಒಂದು ನಿಮಿಷ ಪೂರ್ತಿ ಎಣಿಸಿ.

ಚಕ್ರ ಸರಿಮಾಡಿ ಹೋದ ಮೇಲೆ ಹದಿನೈದು ನಿಮಿಷಕ್ಕೆ ಮತ್ತೆ ಬಂದು ನೋಡಬೇಕು. ಚಕ್ರದ ಕೆಳಗೆ ಒತ್ತಿದ ಪ್ಲಾಸ್ಟಿಕ್ ನಳಿಕೆ ನಿಧಾನವಾಗಿ ಆಕಾರ ಬದಲಿಸುತ್ತದೆ, ಹನಿಯೂ ಬದಲಾಗುತ್ತದೆ. ಪೇಶಂಟ್ ಎದ್ದು ಕೂತರೆ ಬಾಟಲಿ ಮತ್ತು ಕೈ ನಡುವಿನ ಎತ್ತರ ಕಡಿಮೆಯಾಗಿ ಹನಿ ನಿಧಾನವಾಗುತ್ತದೆ. ಮೊಣಕೈ ಮಡಚಿದರೆ ನಿಂತೇ ಹೋಗಬಹುದು. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ಹೋಗುವ ದಾರಿ ಇಲ್ಲದಿದ್ದರೆ ಅರ್ಧಕ್ಕೆ ಬಂದು ಹನಿ ಸೊರಗುತ್ತದೆ. ಆಗ ಸೆಟ್‌ನ ಗಾಳಿ ಮುಚ್ಚಳ ತೆರೆದಿದೆಯಾ ನೋಡಿ. ಹನಿ ನಿಂತರೆ ಚಕ್ರ ಪೂರ್ತಿ ಬಿಡುವುದು ಕೊನೆಯ ಕೆಲಸ. ಮೊದಲು ಸೂಜಿಯ ಜಾಗ ನೋಡಿ. ಊದಿದ್ದರೆ, ತಣ್ಣಗಿದ್ದರೆ, ನೋವಿದ್ದರೆ ನೀರು ನರದ ಹೊರಗೆ ಹೋಗುತ್ತಿದೆ. ನಿಲ್ಲಿಸಿ, ಬೇರೆ ಕಡೆ ಹಾಕಿ.

ನನ್ನ ಮೆಚ್ಚಿನ ಉಪಾಯ ಒಂದು ಪಟ್ಟಿ ಪ್ಲಾಸ್ಟರ್. ಬಾಟಲಿಯ ಉದ್ದಕ್ಕೂ ಅಂಟಿಸಿ ಗೆರೆ ಹಾಕಿ ಹೊತ್ತು ಬರೆಯಿರಿ. 4 ತಾಸಿನ 500 ಮಿ.ಲೀ. ಬಾಟಲಿಯನ್ನು ಬೆಳಿಗ್ಗೆ 10ಕ್ಕೆ ಹಚ್ಚಿದರೆ 11ಕ್ಕೆ 375ರ ಗೆರೆ, 12ಕ್ಕೆ 250ರ ಗೆರೆ, ಹೀಗೆ. ಬಾಗಿಲಲ್ಲಿ ನಿಂತರೂ ಗೊತ್ತಾಗುತ್ತದೆ, ಬಾಟಲಿ ಹಿಂದಿದೆಯೋ ಮುಂದಿದೆಯೋ ಅಂತ. ಪ್ಲಾಸ್ಟಿಕ್ ಬಾಟಲಿಯ ಮೇಲೆ ನೇರವಾಗಿ ಸ್ಕೆಚ್ ಪೆನ್ನಿನಲ್ಲಿ ಬರೆಯಬೇಡಿ.

ಹಿಂದೆ ಬಿದ್ದರೆ ಏನು ಮಾಡಬೇಕು? ಉಳಿದದ್ದನ್ನು ಉಳಿದ ಹೊತ್ತಿಗೆ ಹೊಸದಾಗಿ ಲೆಕ್ಕ ಹಾಕಿ. 1 ಲೀಟರ್ 8 ತಾಸಿಗೆ ಬರೆದಿದ್ದಾರೆ, 4 ತಾಸಾದರೂ 600 ಉಳಿದಿದೆ. 600 ÷ 4 = 150, ಹನಿ 50. ಮೊದಲಿದ್ದ 42ರಿಂದ 50 ದೊಡ್ಡ ಜಿಗಿತವಲ್ಲ. 800 ಉಳಿದಿದ್ದರೆ ತಾಸಿಗೆ 200 ಬೇಕು, ಅದು ಮೊದಲಿನದಕ್ಕಿಂತ ಅರ್ಧದಷ್ಟಕ್ಕೂ ಜಾಸ್ತಿ ಏರಿಕೆ. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಏರಿಸಬೇಕಾಗಿ ಬಂದರೆ ಡಾಕ್ಟರನ್ನು ಕೇಳಿ. ವಯಸ್ಸಾದವರು, ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಸ್ವಲ್ಪ ಏರಿಸುವುದಕ್ಕೂ ಕೇಳಿ.

ಶೇಕಡಾ, ಮಿಲಿಗ್ರಾಂ, ಮೈಕ್ರೋಗ್ರಾಂ

ಹನಿ ಲೆಕ್ಕದಲ್ಲಿ ತಪ್ಪಿದರೆ ಸರಿಮಾಡಲು ಹೊತ್ತು ಇರುತ್ತದೆ. ಔಷಧದ ಅಳತೆಯಲ್ಲಿ ತಪ್ಪಿದರೆ ಇರುವುದಿಲ್ಲ. ಭಾಗಾಕಾರ ಯಾರಿಗೂ ಕಷ್ಟವಲ್ಲ. ಕೆಡಿಸುವುದು ಅಳತೆಯ ಹೆಸರುಗಳು.

1 ಗ್ರಾಂ ಅಂದರೆ 1,000 ಮಿ.ಗ್ರಾಂ. 1 ಮಿ.ಗ್ರಾಂ ಅಂದರೆ 1,000 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಅನ್ನು ಕೇಸ್ ಶೀಟ್‌ನಲ್ಲಿ ಪೂರ್ತಿ ಬರೆಯಿರಿ, ಗೀಚಿದ ಸಣ್ಣ ರೂಪವನ್ನು ಮಿ.ಗ್ರಾಂ ಅಂತ ಓದಿದರೆ ಸಾವಿರ ಪಟ್ಟು ವ್ಯತ್ಯಾಸ.

ಶೇಕಡಾ ಅಂದರೆ 100 ಮಿ.ಲೀ.ಯಲ್ಲಿ ಎಷ್ಟು ಗ್ರಾಂ ಅಂತ. ಹಾಗಾಗಿ 1% ಅಂದರೆ 1 ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಇದೊಂದನ್ನು ಹಿಡಿದಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ತಾನೇ ಬರುತ್ತದೆ. 2% ಲಿಗ್ನೋಕೇನ್ 1 ಮಿ.ಲೀ.ಯಲ್ಲಿ 20 ಮಿ.ಗ್ರಾಂ. ನಾರ್ಮಲ್ ಸಲಾಯಿನ್ 0.9%, ಅಂದರೆ 500 ಮಿ.ಲೀ. ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. 5% ಡೆಕ್ಸ್‌ಟ್ರೋಸ್ 500 ಮಿ.ಲೀ.ಯಲ್ಲಿ 25 ಗ್ರಾಂ ಸಕ್ಕರೆ. 25%ರದು 100 ಮಿ.ಲೀ.ಯಲ್ಲೂ 25 ಗ್ರಾಮೇ.

ನಮ್ಮ ಊರುಗಳಲ್ಲಿ “ಸುಸ್ತಾಗೈತಿ, ಒಂದ ಬಾಟ್ಲಿ ಹಚ್ಚ್ರಿ, ಶಕ್ತಿ ಬರತೈತಿ” ಅನ್ನುವವರು ತುಂಬಾ ಜನ. ಆ 25 ಗ್ರಾಂ ಸಕ್ಕರೆಯಲ್ಲಿ ಇರುವುದು ಸುಮಾರು 85 ಕ್ಯಾಲೊರಿ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಊಟ ಮಾಡಲು ಆಗುವವರಿಗೆ ರೊಟ್ಟಿಯೇ ಅಗ್ಗ.

ಇನ್ನೊಂದು ಬಗೆ, ಅನುಪಾತ. ಅಡ್ರಿನಲಿನ್ ಆಂಪ್ಯೂಲ್ ಮೇಲೆ 1ಕ್ಕೆ 1,000 ಅಂತ ಇರುತ್ತದೆ. 1,000 ಮಿ.ಲೀ.ಯಲ್ಲಿ 1 ಗ್ರಾಂ, ಅಂದರೆ 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ. ಅದಕ್ಕೆ 9 ಮಿ.ಲೀ. ಸಲಾಯಿನ್ ಸೇರಿಸಿ 10 ಮಾಡಿದರೆ 1ಕ್ಕೆ 10,000 ಆಗುತ್ತದೆ, ಪ್ರತಿ ಮಿ.ಲೀ.ಯಲ್ಲಿ 0.1 ಮಿ.ಗ್ರಾಂ.

ಡೋಸ್ ಲೆಕ್ಕ

ಬೇಕಾದದ್ದು ÷ ಇರುವುದು × ಅದು ಇರುವ ಮಿ.ಲೀ. = ಎಳೆಯಬೇಕಾದ ಮಿ.ಲೀ.

12 ಕೆ.ಜಿ. ಮಗುವಿಗೆ ಸೆಫ್ಟ್ರಿಯಾಕ್ಸೋನ್ ಕೆ.ಜಿ.ಗೆ 50 ಮಿ.ಗ್ರಾಂ ಅಂತ ಆರ್ಡರ್. ಬೇಕಾದದ್ದು 600 ಮಿ.ಗ್ರಾಂ. 1 ಗ್ರಾಂ ವಯಲ್ ಕರಗಿಸಿ 10 ಮಿ.ಲೀ. ಆದರೆ, 600 ÷ 1,000 × 10 = 6 ಮಿ.ಲೀ. ಇಲ್ಲೊಂದು ಸೂಕ್ಷ್ಮ ಇದೆ. ಪುಡಿಗೂ ತನ್ನದೇ ಜಾಗ ಬೇಕು. 10 ಮಿ.ಲೀ. ನೀರು ಹಾಕಿದರೆ ಒಟ್ಟು 10ಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಪೂರ್ತಿ ವಯಲ್ ಕೊಡುವ ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ. ಹಸುಳೆಗೆ ಅರ್ಧ ಮಿ.ಲೀ. ಎಳೆಯುವಾಗ ಲೆಕ್ಕಕ್ಕಿದೆ. ಎಷ್ಟು ನೀರು ಹಾಕಿದರೆ ಎಷ್ಟಾಗುತ್ತದೆ ಅನ್ನುವುದು ಔಷಧದ ಚೀಟಿಯಲ್ಲಿರುತ್ತದೆ, ಅದನ್ನು ಎಸೆಯಬೇಡಿ. ಮತ್ತೆ, ಸೆಫ್ಟ್ರಿಯಾಕ್ಸೋನ್ ಅನ್ನು ಆರ್‌ಎಲ್ ಜೊತೆ ಒಂದೇ ನಳಿಕೆಯಲ್ಲಿ ಬಿಡಬೇಡಿ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಎರಡೂ ಸೇರಿ ಹರಳು ಕಟ್ಟುತ್ತವೆ.

ಪ್ಯಾರಾಸಿಟಮಾಲ್ 100 ಮಿ.ಲೀ. ಬಾಟಲಿಯಲ್ಲಿ 1 ಗ್ರಾಂ, ಅಂದರೆ ಮಿ.ಲೀ.ಗೆ 10 ಮಿ.ಗ್ರಾಂ. 20 ಕೆ.ಜಿ. ಮಗುವಿಗೆ ಕೆ.ಜಿ.ಗೆ 15ರಂತೆ 300 ಮಿ.ಗ್ರಾಂ, ಅಂದರೆ 30 ಮಿ.ಲೀ. 15 ನಿಮಿಷದಲ್ಲಿ ಹೋಗಬೇಕು. 30 × 20 ÷ 15 = 40 ಹನಿ. ಆದರೆ 100 ಮಿ.ಲೀ. ಬಾಟಲಿಯನ್ನೇ ಮಗುವಿಗೆ ನೇತು ಹಾಕಿ “30 ಆದ ಮೇಲೆ ನಿಲ್ಲಿಸ್ತೀನಿ” ಅಂದುಕೊಳ್ಳಬೇಡಿ. ಪಕ್ಕದ ಬೆಡ್‌ನಲ್ಲಿ ಯಾರಿಗೋ ಫಿಟ್ಸ್ ಬಂದರೆ ನೀವು ಅಲ್ಲಿರುತ್ತೀರಿ, ಬಾಟಲಿ ಖಾಲಿಯಾಗಿರುತ್ತದೆ. 30 ಮಿ.ಲೀ. ಅಳೆದು ಬ್ಯುರೆಟ್‌ಗೆ, ಅಂದರೆ ಸೆಟ್‌ನ ನಡುವೆ ಇರುವ ಗೆರೆ ಹಾಕಿದ ಅಳತೆ ಕೊಳವೆಗೆ, ಹಾಕಿ. ಈ ಔಷಧದಲ್ಲಿ ಮಿ.ಗ್ರಾಂ ಇದ್ದದ್ದನ್ನು ಮಿ.ಲೀ. ಅಂತ ಓದಿದರೆ ನೇರವಾಗಿ ಹತ್ತು ಪಟ್ಟು.

ಹೆರಿಗೆ ವಾರ್ಡಿನವರಿಗೆ ಮೆಗ್ನೀಷಿಯಂ ಸಲ್ಫೇಟ್ ಲೆಕ್ಕ ನಿದ್ದೆಯಲ್ಲೂ ಬರಬೇಕು. ಗರ್ಭಿಣಿಗೆ ಫಿಟ್ಸ್ ಬಂದಾಗ ಪುಸ್ತಕ ತೆಗೆಯಲು ಹೊತ್ತಿರುವುದಿಲ್ಲ. ಆಂಪ್ಯೂಲ್ 2 ಮಿ.ಲೀ., 50%. ಮೇಲಿನ ಲೆಕ್ಕದಂತೆ ಮಿ.ಲೀ.ಗೆ 500 ಮಿ.ಗ್ರಾಂ, ಅಂದರೆ ಒಂದು ಆಂಪ್ಯೂಲ್ 1 ಗ್ರಾಂ. ನರಕ್ಕೆ ಕೊಡುವ ಮೊದಲ ಡೋಸ್ 4 ಗ್ರಾಂ, 20% ಮಾಡಿ. 4 ಆಂಪ್ಯೂಲ್ ಅಂದರೆ 8 ಮಿ.ಲೀ. 20% ಅಂದರೆ ಮಿ.ಲೀ.ಗೆ 200 ಮಿ.ಗ್ರಾಂ, 4 ಗ್ರಾಂಗೆ ಒಟ್ಟು 20 ಮಿ.ಲೀ. ಬೇಕು. ಹಾಗಾಗಿ 12 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿ, ನಿಧಾನವಾಗಿ ಐದು ನಿಮಿಷ ಕೊಡಬೇಕು. ಆಮೇಲೆ ಎರಡೂ ಕುಂಡಿಗೆ 5 ಗ್ರಾಂನಂತೆ, 50%ರದೇ, ತಲಾ 10 ಮಿ.ಲೀ. ಮುಂದಿನ ಡೋಸ್‌ಗೆ ಮೊದಲು ಉಸಿರು ನಿಮಿಷಕ್ಕೆ 16 ಆದರೂ ಇದೆಯಾ, ಮೂತ್ರ ತಾಸಿಗೆ 30 ಮಿ.ಲೀ. ಆದರೂ ಬಂದಿದೆಯಾ, ಮೊಣಕಾಲು ತಟ್ಟಿದರೆ ಜಿಗಿಯುತ್ತಾ, ಮೂರೂ ನೋಡಿ. ಒಂದು ಇಲ್ಲದಿದ್ದರೂ ಡೋಸ್ ಇಲ್ಲ. ಮೆಗ್ನೀಷಿಯಂ ಹೆಚ್ಚಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇಯಲ್ಲಿ ಸಿದ್ಧವಿರಲಿ.

ಇನ್ಸುಲಿನ್‌ನಲ್ಲಿ ಬೇರೆಯದೇ ಬಲೆ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್‌ನ ವಯಲ್ ಇದೆ, 100 ಯೂನಿಟ್‌ನದೂ ಇದೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ವಯಲ್‌ನಿಂದ 40ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಮಿ.ಲೀ. ಬರುತ್ತದೆ. ಅದರಲ್ಲಿರುವುದು 20 ಅಲ್ಲ, 50 ಯೂನಿಟ್! ಸಿರಿಂಜ್ ಪಂಪ್‌ಗೆ 50 ಮಿ.ಲೀ.ಯಲ್ಲಿ 50 ಯೂನಿಟ್ ಮಾಡುವಾಗಲೂ ಇದೇ ಎಚ್ಚರ. 40ರ ವಯಲ್ ಆದರೆ 50 ÷ 40 = 1.25 ಮಿ.ಲೀ. ಎಳೆದು, ಸಲಾಯಿನ್ ಸೇರಿಸಿ 50 ಮಾಡಿ. ಮಿ.ಲೀ.ಗೆ 1 ಯೂನಿಟ್. 60 ಕೆ.ಜಿ. ಪೇಶಂಟ್‌ಗೆ ತಾಸಿಗೆ ಕೆ.ಜಿ.ಗೆ 0.1 ಯೂನಿಟ್ ಅಂದರೆ ತಾಸಿಗೆ 6 ಮಿ.ಲೀ.

ಹನಿಯೊಳಗಿನ ಔಷಧ

ಇಲ್ಲಿ ಎರಡೂ ಲೆಕ್ಕ ಸೇರುತ್ತವೆ. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ನೋಡಿ. 500 ಮಿ.ಲೀ.ಗೆ 10 ಯೂನಿಟ್ ಹಾಕಿದರೆ ಅದು 10,000 ಮಿಲಿಯೂನಿಟ್. ಮಿ.ಲೀ.ಗೆ 20 ಮಿಲಿಯೂನಿಟ್. 20ರ ಸೆಟ್‌ನಲ್ಲಿ ಒಂದು ಹನಿಗೆ ಸರಿಯಾಗಿ 1 ಮಿಲಿಯೂನಿಟ್! 5 ಯೂನಿಟ್ ಹಾಕಿದರೆ ಹನಿಗೆ ಅರ್ಧ, ಎರಡೂವರೆ ಯೂನಿಟ್ ಹಾಕಿದರೆ ಕಾಲು. ಎರಡೂವರೆ ಯೂನಿಟ್ ಹಾಕಿ 10 ಹನಿಯಿಂದ ಶುರು ಮಾಡಿದರೆ ನಿಮಿಷಕ್ಕೆ 2.5 ಮಿಲಿಯೂನಿಟ್ ಹೋಗುತ್ತಿದೆ ಅಂತ ಅರ್ಥ. ಅದೇ ಬಾಟಲಿಗೆ 15ರ ಸೆಟ್ ಹಚ್ಚಿದರೆ? ಹನಿ ದಪ್ಪ, ಒಂದೊಂದರಲ್ಲೂ ಮೂರನೇ ಒಂದು ಭಾಗ ಜಾಸ್ತಿ ಔಷಧ. ಎಣಿಸಿದ ಹನಿ ಅಷ್ಟೇ, ಹೋದ ಔಷಧ ಬೇರೆ. ಹೆರಿಗೆ ಕೋಣೆಯಲ್ಲಿ ಸೆಟ್ ಬದಲಿಸಿದವರು ಇದನ್ನು ಮರೆತರೆ ನೋವು ಒಂದರ ಮೇಲೊಂದು ಬಂದು ಹೊಟ್ಟೆಯ ಮಗುವಿನ ಹೃದಯಬಡಿತ ಬೀಳುತ್ತದೆ.

ಬಿಪಿ ಏರಿಸುವ ಡೋಪಮೈನ್‌ನಲ್ಲಿ ಕೆ.ಜಿ.ಯೂ ಬರುತ್ತದೆ, ನಿಮಿಷವೂ ಬರುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿ. ಆಂಪ್ಯೂಲ್ 5 ಮಿ.ಲೀ.ಯಲ್ಲಿ 200 ಮಿ.ಗ್ರಾಂ. ಎರಡು ಆಂಪ್ಯೂಲ್ 500 ಮಿ.ಲೀ. ಬಾಟಲಿಗೆ, ಮೊದಲು 10 ಮಿ.ಲೀ. ತೆಗೆದು. 400 ಮಿ.ಗ್ರಾಂ ಅಂದರೆ 4,00,000 ಮೈಕ್ರೋಗ್ರಾಂ, 500ರಿಂದ ಭಾಗಿಸಿದರೆ ಮಿ.ಲೀ.ಗೆ 800 ಮೈಕ್ರೋಗ್ರಾಂ. 60 ಕೆ.ಜಿ. ಪೇಶಂಟ್‌ಗೆ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ ಅಂದರೆ ನಿಮಿಷಕ್ಕೆ 300. ತಾಸಿಗೆ 18,000. 800ರಿಂದ ಭಾಗಿಸಿದರೆ ತಾಸಿಗೆ 22.5 ಮಿ.ಲೀ. ಪಂಪ್ ಇದ್ದರೆ 22.5 ಒತ್ತಿ. ಇಲ್ಲದಿದ್ದರೆ ಮೈಕ್ರೋ ಸೆಟ್‌ನಲ್ಲಿ 22 ಅಥವಾ 23 ಹನಿ, ಬಿಪಿ ನೋಡುತ್ತಾ. 20ರ ಸೆಟ್‌ನಲ್ಲಿ ಇದಕ್ಕೆ ಏಳೆಂಟು ಹನಿ ಬರುತ್ತದೆ. ಒಂದು ಹನಿ ಆಚೆ ಈಚೆ ಆದರೂ ಡೋಸ್ ಎಷ್ಟೋ ಬದಲಾಗುತ್ತದೆ, ಅದಕ್ಕೇ ಇಂಥ ಔಷಧಕ್ಕೆ ಮ್ಯಾಕ್ರೋ ಸೆಟ್ ಬೇಡ.

ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಹೇಳದೆ ಬಿಡಲಾರೆ. 10 ಮಿ.ಲೀ., 15% ಆಂಪ್ಯೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣ ಅಳೆಯುವ ಅಳತೆ). ಸಿರಿಂಜ್‌ನಿಂದ ನೇರವಾಗಿ ನರಕ್ಕೆ ಎಂದಿಗೂ ಇಲ್ಲ, ಹೃದಯ ನಿಲ್ಲುತ್ತದೆ. 500 ಮಿ.ಲೀ.ಗೆ ಒಂದು ಆಂಪ್ಯೂಲ್ ಹಾಕಿದರೆ ಲೀಟರಿಗೆ 40ರ ಲೆಕ್ಕ, ಕೈಯ ನರಕ್ಕೆ ಮಾಮೂಲಾಗಿ ಅದೇ ಮಿತಿ. ಹಾಕಿದ ಮೇಲೆ ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡಿ ಕಲಸಿ, ಇಲ್ಲದಿದ್ದರೆ ಔಷಧ ತಳಕ್ಕೆ ಕೂತು ಮೊದಲ ಹನಿಗಳಲ್ಲೇ ಹೋಗುತ್ತದೆ. ವಾರ್ಡಿನಲ್ಲಿ ತಾಸಿಗೆ 10ಕ್ಕಿಂತ ಜಾಸ್ತಿ ಹೋಗಬಾರದು. 20 ಇರುವ ಬಾಟಲಿ ಎರಡು ತಾಸಿಗಿಂತ ಮುಂಚೆ ಮುಗಿಯಬಾರದು ಅಂತ ಆಯಿತು, 20ರ ಸೆಟ್‌ನಲ್ಲಿ 83 ಹನಿಯ ಒಳಗೆ. ಇಂಡಿಯ ಕಾಕಾ ಚಕ್ರ ಸರಿಸಿದ ಬಾಟಲಿಯಲ್ಲಿ ಇದು ಇರಲಿಲ್ಲ, ಪುಣ್ಯ.

ಮಕ್ಕಳು, ಹಾವು, ರಕ್ತ

ಭೇದಿಯಿಂದ ಪೂರ್ತಿ ಬಾಡಿದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ಲ್ಯಾನ್ ಸಿ. ಕೆ.ಜಿ.ಗೆ 100 ಮಿ.ಲೀ. ಆರ್‌ಎಲ್. ಒಂದು ವರ್ಷದ ಒಳಗಿದ್ದರೆ ಮೊದಲ 30 ಮಿ.ಲೀ. 1 ತಾಸಿನಲ್ಲಿ, ಉಳಿದ 70 ಐದು ತಾಸಿನಲ್ಲಿ. ದೊಡ್ಡ ಮಕ್ಕಳಿಗೆ 30 ಅರ್ಧ ತಾಸಿನಲ್ಲಿ, 70 ಎರಡೂವರೆ ತಾಸಿನಲ್ಲಿ. 8 ತಿಂಗಳ, 7 ಕೆ.ಜಿ. ಮಗು ಅಂದರೆ ಮೊದಲ ತಾಸಿಗೆ 210 ಮಿ.ಲೀ. ಮೈಕ್ರೋ ಸೆಟ್ ಹಚ್ಚಿದರೆ 210 ಹನಿ, ಎಣಿಸಲು ಆಗುವುದೇ ಇಲ್ಲ. ಮಗು ಅಂದ ಕೂಡಲೇ ಮೈಕ್ರೋ ಸೆಟ್‌ಗೆ ಕೈ ಹಾಕುವವರು ಇಲ್ಲಿ ಸೋಲುತ್ತಾರೆ. 20ರ ಸೆಟ್‌ನಲ್ಲಿ 70 ಹನಿ. ಆಮೇಲೆ 490 ÷ 5 = 98, ಅಂದರೆ 33 ಹನಿ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಈ ಲೆಕ್ಕ ಹಾಕಬೇಡಿ, ಅವರ ಹೃದಯ ಇಷ್ಟು ನೀರು ತಡೆಯುವುದಿಲ್ಲ. ಅವರದು ಬೇರೆ ಪದ್ಧತಿ.

ಬಾಯಿಂದ ಏನೂ ತೆಗೆದುಕೊಳ್ಳದ ಮಗುವಿನ ದಿನದ ನೀರಿಗೆ 4-2-1 ಲೆಕ್ಕ. 1957ರಲ್ಲಿ ಹಾಲಿಡೇ ಮತ್ತು ಸೆಗಾರ್ ಕೊಟ್ಟ ಲೆಕ್ಕದಿಂದ ಬಂದದ್ದು. ಮೊದಲ 10 ಕೆ.ಜಿ.ಗೆ ತಾಸಿಗೆ 4 ಮಿ.ಲೀ.ನಂತೆ, ಮುಂದಿನ 10ಕ್ಕೆ 2ರಂತೆ, ಆಮೇಲಿನ ಪ್ರತಿ ಕೆ.ಜಿ.ಗೆ 1. 13 ಕೆ.ಜಿ. ಮಗುವಿಗೆ 40 + 6 = 46 ಮಿ.ಲೀ., ಮೈಕ್ರೋ ಸೆಟ್‌ನಲ್ಲಿ 46 ಹನಿ. ಬ್ಯುರೆಟ್ ಇದ್ದರೆ ಎರಡು ತಾಸಿಗೆ ಬೇಕಾದಷ್ಟೇ, 92 ಮಿ.ಲೀ. ತುಂಬಿಸಿ ಮೇಲಿನ ಕ್ಲ್ಯಾಂಪ್ ಮುಚ್ಚಿ. ಚಕ್ರ ಯಾರೇ ಸರಿಸಲಿ, ಅದಕ್ಕಿಂತ ಹೆಚ್ಚು ಹೋಗುವುದಿಲ್ಲ.

ಕಬ್ಬಿನ ಹೊಲದಿಂದ ಹಾವು ಕಚ್ಚಿಸಿಕೊಂಡು ಬರುವವರು ನಮ್ಮ ಕಡೆ ಇದ್ದದ್ದೇ. ವಿಷ ಏರಿದ ಲಕ್ಷಣ ಇದ್ದರೆ ಡಾಕ್ಟರ್ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ 10 ವಯಲ್ ಬರೆದರು ಅಂದುಕೊಳ್ಳಿ. ಒಂದೊಂದೂ 10 ಮಿ.ಲೀ., ಒಟ್ಟು 100. 400 ಮಿ.ಲೀ. ಸಲಾಯಿನ್ ಸೇರಿ 500, 1 ತಾಸಿನಲ್ಲಿ. 500 ÷ 3 = 167 ಹನಿ. ಶುರುವಿನಲ್ಲಿ ನಿಧಾನ, ಮೈ ತುರಿಕೆ, ಉಬ್ಬಸ ಇಲ್ಲ ಅಂತ ನೋಡಿ ಆಮೇಲೆ ಏರಿಸಿ. ಅಡ್ರಿನಲಿನ್ ಎಳೆದಿಟ್ಟಿರಿ. ಕೆ.ಜಿ. ಲೆಕ್ಕ ಕಲಿತ ಹೊಸಬರು ಮಗುವಿಗೆ ವಯಲ್ ಕಡಿಮೆ ಮಾಡಲು ಹೋಗುತ್ತಾರೆ. ಅದು ತಪ್ಪು. ಹಾವು ಮಗುವಿನ ತೂಕ ನೋಡಿ ವಿಷ ಬಿಟ್ಟಿರುವುದಿಲ್ಲ. ವಯಲ್ ಅಷ್ಟೇ, ಬೆರೆಸುವ ಸಲಾಯಿನ್ ಮಾತ್ರ ಕಡಿಮೆ.

ರಕ್ತದ್ದು ಸುಲಭ. ಚೀಲ ನಾಲ್ಕು ತಾಸಿನ ಒಳಗೆ ಮುಗಿಯಬೇಕು. ಮೊದಲ 15 ನಿಮಿಷ ನಿಧಾನ, ಪಕ್ಕದಲ್ಲೇ ನಿಂತು. 300 ಮಿ.ಲೀ. ಮೂರು ತಾಸಿಗೆ, 20ರ ಸೆಟ್‌ನಲ್ಲಿ 33 ಹನಿ.

ಚಕ್ರ ಮುಟ್ಟುವ ಮೊದಲು

ಉತ್ತರ ಬಂದ ಮೇಲೆ ಅರೆಕ್ಷಣ ನಿಲ್ಲಿ. ದೊಡ್ಡವರ ಮಾಮೂಲಿ ಬಾಟಲಿಗೆ 20ರ ಸೆಟ್‌ನಲ್ಲಿ 25ರಿಂದ 60 ಹನಿ ನಡುವೆ ಬರುವುದು ಸಾಮಾನ್ಯ. 5 ಬಂದರೆ, 200 ಬಂದರೆ ಅದಕ್ಕೆ ಕಾರಣ ಇರಬೇಕು. ಮೆಗ್ನೀಷಿಯಂ ಬಿಟ್ಟರೆ, ಒಂದು ಡೋಸ್‌ಗೆ ಆರೇಳು ಆಂಪ್ಯೂಲ್ ಒಡೆಯಬೇಕಾಗಿ ಬಂದರೆ ಕೈ ನಿಲ್ಲಿಸಿ ಮತ್ತೆ ಲೆಕ್ಕ ಹಾಕಿ. ಮಗುವಿನ ತೂಕವನ್ನು ತಾಯಿಯನ್ನು ಕೇಳಿ ಬರೆಯಬೇಡಿ, ತಕ್ಕಡಿಗೆ ಹಾಕಿ. ಇನ್ಸುಲಿನ್, ಪೊಟ್ಯಾಸಿಯಂ, ಆಕ್ಸಿಟೋಸಿನ್, ಡೋಪಮೈನ್‌ಗೆ ಇನ್ನೊಬ್ಬರಿಂದ ಲೆಕ್ಕ ಮಾಡಿಸಿ. “ನೋಡ್ರಿ, ಇದು 22 ಅಲ್ಲೇನ್ರಿ?” ಅಂತ ಕೇಳಿದರೆ ಯಾರಾದರೂ ಹೌದು ಅಂತಲೇ ಅನ್ನುತ್ತಾರೆ. ನಿಮ್ಮ ಉತ್ತರ ಹೇಳದೆ ಆರ್ಡರ್ ಕೊಟ್ಟು ಅವರೇ ಹಾಕಲಿ. ಎರಡು ಚೀಟಿ ಒಂದೇ ಸಂಖ್ಯೆ ತೋರಿಸಿದರೆ ಹಚ್ಚಿ.

ಬಾಟಲಿಯ ಪ್ಲಾಸ್ಟರ್ ಮೇಲೆ ಪೇಶಂಟ್ ಹೆಸರು, ಹಾಕಿದ ಔಷಧ, ಎಷ್ಟು, ಹಚ್ಚಿದ ಹೊತ್ತು, ಮುಗಿಯುವ ಹೊತ್ತು, ಹನಿ, ನಿಮ್ಮ ಸಹಿ. ಹನಿಯ ಪಕ್ಕದಲ್ಲೇ ಯಾವ ಸೆಟ್ ಅಂತಲೂ ಬರೆಯಿರಿ, “42 ಹನಿ, 20ರ ಸೆಟ್” ಅಂತ. ಸೆಟ್ ಬದಲಿಸಿದವರು ಆ ಸಾಲನ್ನು ಹೊಡೆದು ಹಾಕಿ ಹೊಸದನ್ನು ಬರೆದೇ ಚಕ್ರ ಬಿಡಬೇಕು.